ಹಲಸಿನ ಹಣ್ಣಿಗೆ ಬಿದ್ದ ಚಲನ್

ಮೊಬೈಲಿಗೆ ಆ ಮೆಸೇಜು ಬಂದಾಗ ನಾನು ಹಿಟ್ಟು ಅಳೆದು ಡಬ್ಬಿಗೆ ತುಂಬುತ್ತಿದ್ದೆ. ಕೋಪರಖೈರಣೆಯ ನಮ್ಮ ಕನ್ನಡದವರ ಮನೆಗಳಿಗೆ ದೋಸೆ ಹಿಟ್ಟು ರುಬ್ಬಿ ಸ್ಕೂಟರಿನಲ್ಲಿ ಮುಟ್ಟಿಸುವುದು ನನ್ನ ಕಸುಬು. ಸ್ಕೂಟರಿನಲ್ಲಿ ಮೂವರು, ಟ್ರಿಪಲ್ ಸೀಟ್ ಎಂದು ದಂಡದ ಚಲನ್ ಬಿದ್ದಿತ್ತು, ಜೊತೆಗೊಂದು ಫೋಟೊ. ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರು. ಮುಂದೆ ಹೆಲ್ಮೆಟ್ ಹಾಕಿದ ನಾನು, ಹಿಂದೆ ಹೆಲ್ಮೆಟ್ ಹಾಕಿದ ನನ್ನ ಅತ್ತೆ. ನಮ್ಮಿಬ್ಬರ ನಡುವೆ ಕಂದು ಶಾಲು ಹೊದ್ದು, ಚಳಿಗೆ ಮುದುಡಿದ ಮಗುವಿನ ಹಾಗೆ ಕೂತಿದ್ದದ್ದು ವಾಶಿ ಮಾರ್ಕೆಟ್ಟಿನ ಒಂದು ಹಲಸಿನ ಹಣ್ಣು.

ಇಲ್ಲಿಯವರು ತೊಳೆ ಬಿಡಿಸಿದ ಹಲಸನ್ನೇ ಕೊಳ್ಳುತ್ತಾರೆ. ಉಡುಪಿ ಕಡೆಯ ನನ್ನ ಅತ್ತೆಗೆ ಅದು ಎಂಜಲು ತಿಂದಷ್ಟೇ ಅವಮಾನ. ಇಡೀ ಹಣ್ಣನ್ನು ಬೆರಳಿನಿಂದ ಕುಟ್ಟಿ, ಮೂಸಿ, ವ್ಯಾಪಾರಿಗೆ ತಲೆನೋವು ಬರುವಷ್ಟು ಚರ್ಚೆ ಮಾಡಿ, ತಾನೇ ಹಿಡಿದುಕೊಂಡು ಮನೆಗೆ ತರಬೇಕು. ಮುಳ್ಳು ನನ್ನ ಬೆನ್ನಿಗೆ ಚುಚ್ಚದಿರಲಿ ಎಂದು ಅಂದು ತಾವು ಹೊದ್ದಿದ್ದ ಶಾಲನ್ನೇ ಅದಕ್ಕೆ ಸುತ್ತಿದ್ದರು. ಅವರ ಆ ಪ್ರೀತಿಯೇ ನಮ್ಮನ್ನು ಸಿಕ್ಕಿಸಿಹಾಕಿತು.

ಆನ್‌ಲೈನಿನಲ್ಲಿ ದಂಡ ಕಟ್ಟಿ ಕೈ ತೊಳೆದುಕೋ ಎಂದರು ನನ್ನ ಗಂಡ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನೂ ಸೇರಿಸಿದರು. ಆದರೆ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ, ಟ್ರಿಪಲ್ ಸೀಟಿಗೆ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಬಹುದು ಎಂದು ಕೆಳಗಿನ ಮನೆಯ ವಕೀಲರು ಹೇಳಿದ್ದರು. ಮೂರು ತಿಂಗಳು ಹಿಟ್ಟು ಮುಟ್ಟಿಸದಿದ್ದರೆ ಗಿರಾಕಿಗಳು ಪ್ಯಾಕೆಟ್ಟಿನ ಹಿಟ್ಟಿಗೆ ಒಗ್ಗಿಹೋಗುತ್ತಾರೆ. ಐವತ್ತರ ಹತ್ತಿರ ಬಂದ ಮೇಲೆ ಬಿದ್ದು ಎದ್ದು, ಮೊಣಕಾಲು ತರಚಿಸಿಕೊಂಡು ಸಂಪಾದಿಸಿದ ಲೈಸೆನ್ಸು ಅದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನಲ್ಲ. ಕೋರ್ಟಿಗೇ ಹೋಗುತ್ತೇನೆ ಎಂದೆ. ವಿಚಾರಣೆಯ ಹಿಂದಿನ ದಿನ ಅತ್ತೆ ಮಾರ್ಕೆಟ್ಟಿಗೆ ಹೋಗಿ ಅದೇ ಗಾತ್ರದ ಇನ್ನೊಂದು ಹಲಸು ಆರಿಸಿದರು.

ಈ ಸಲ ಅದನ್ನು ಗೋಣಿಯಲ್ಲಿ ಹಾಕಿ, ಸ್ಕೂಟರಿನಲ್ಲಿ ನನ್ನ ಕಾಲ ಬಳಿ ಕಟ್ಟಿಕೊಂಡು ಕೋರ್ಟಿಗೆ ಹೋದೆವು. ಗೇಟಿನ ಹವಾಲ್ದಾರ ಒಳಗೆ ತಿನ್ನುವ ಸಾಮಾನು ಬಿಡುವುದಿಲ್ಲ ಎಂದ. ಅತ್ತೆ ತಮ್ಮ ಮಾರ್ಕೆಟ್ ಮರಾಠಿಯಲ್ಲಿ, "ಹೇ ಖಾಣ್ಯಾಚಾ ನಾಹೀ. ಸಾಕ್ಷೀದಾರ್ ಆಹೇ," ಎಂದರು. ತಿನ್ನಲಿಕ್ಕಲ್ಲದ ಆ ಸಾಕ್ಷಿಯನ್ನು ಅವನು ಮೂಸಿ ನೋಡಿ ಒಳಗೆ ಬಿಟ್ಟ.

ಕೋರ್ಟಿಗೆ ಮೊದಲ ಸಲ ಹೋಗುವವರು ಸಿನಿಮಾದ ಕೋರ್ಟನ್ನು ಮರೆತು ಹೋಗಬೇಕು. ಅಲ್ಲಿ ಸುತ್ತಿಗೆ ಇಲ್ಲ, ಭಾಷಣ ಇಲ್ಲ. ಮೊಬೈಲು ಬಂದ್ ಮಾಡಿ, ಬಾಗಿಲ ಬಳಿ ಅಂಟಿಸಿದ ಹಾಳೆಯಲ್ಲಿ ನಿಮ್ಮ ಹೆಸರು ಹುಡುಕಿ, ಬೆಂಚಿನಲ್ಲಿ ಜಾಗ ಸಿಕ್ಕರೆ ಕೂರಬೇಕು. ಮನೆಯಲ್ಲೇ ಹೊಟ್ಟೆ ತುಂಬ ತಿಂದು ಹೋಗುವುದು ಒಳ್ಳೆಯದು. ಹೆಸರು ಕರೆದಾಗ ಎದ್ದು ನಿಂತರೆ, ಗುನ್ಹಾ ಕಬೂಲ್ ಇದೆಯೇ, ತಪ್ಪು ಒಪ್ಪುತ್ತೀರಾ ಎಂದು ಕೇಳುತ್ತಾರೆ. ನನ್ನ ಮುಂದಿದ್ದವರೆಲ್ಲ ಕಬೂಲ್ ಎಂದು ಸರಸರನೆ ಹೊರಟರು. ಅವರಲ್ಲಿ ತಪ್ಪು ಮಾಡದವರೂ ಇದ್ದಿರಬೇಕು. ಕೆಲಸಕ್ಕೆ ತಡವಾಗುತ್ತದೆ ಎಂಬ ಒಂದೇ ಕಾರಣಕ್ಕೆ ತಲೆಯಾಡಿಸಿದ್ದರು. ನೋಡಿ ನನಗೆ ಸಿಟ್ಟೇ ಬಂತು.

"ಕಬೂಲ್ ನಾಹೀ," ಎಂದೆ ನಾನು. ನನ್ನ ಧ್ವನಿ ನನಗೇ ಜೋರಾಗಿ ಕೇಳಿತು.

ನ್ಯಾಯಾಧೀಶರು ನನ್ನ ವಯಸ್ಸಿನ ಹೆಂಗಸು. ಮೊದಲ ಸಲ ತಲೆಯೆತ್ತಿದರು. ಮೂರನೆಯದು ಮಗುವಲ್ಲ, ಹಲಸಿನ ಹಣ್ಣು ಎಂದು ಹೇಳಿದಾಗ ಕೋಣೆಯಿಡೀ ನಕ್ಕಿತು. ಇಂಥ ಕತೆ ದಿನಾ ಕೇಳುತ್ತೇವೆ, ಹಣ್ಣಿಗೆ ಯಾರು ಶಾಲು ಹೊದಿಸುತ್ತಾರೆ ಎಂದರು ಸರಕಾರದ ಕಡೆಯ ವಕೀಲರು. ಅತ್ತೆ ಗೋಣಿ ಬಿಚ್ಚಿ, ಅದೇ ಶಾಲನ್ನು ಹಣ್ಣಿಗೆ ಸುತ್ತಿ ಎತ್ತಿ ತೋರಿಸಿದರು. ಇಂದು ಹಣ್ಣು ತಂದರೆ ಅಂದು ಮಗು ಇರಲಿಲ್ಲ ಎಂದು ಸಾಬೀತಾಗುವುದಿಲ್ಲವಲ್ಲ ಎಂದರು ಆ ವಕೀಲರು. ಮಾತು ಸರಿಯಾಗಿಯೇ ಇತ್ತು. ಲೈಸೆನ್ಸು ಹೋಯಿತು ಎಂದುಕೊಂಡೆ.

ಅತ್ತೆ ಹಣ್ಣನ್ನು ಬೆಂಚಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ಫೋಟೊ ಕೇಳಿದರು. ಯಾರಜ್ಜಿ ನೀವು ಎಂದು ಕೇಳಿದ ನ್ಯಾಯಾಧೀಶರಿಗೆ, ಹಿಂದೆ ಕೂತಿರುವವಳು ನಾನೇ ಎಂದರು. ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಮರಾಠಿಯನ್ನೂ ಮರೆತು ನನ್ನ ಕಡೆ ತಿರುಗಿದರು.

"ಇವರಿಗೆ ಹೇಳು. ನಿನ್ನ ಎರಡು ಕಾಲು ನೆಲದಲ್ಲಿ ಉಂಟು. ನಾನು ಒಂದು ಬದಿಗೆ ಕೂತದ್ದು, ನನ್ನ ಎರಡೂ ಕಾಲು ಈಚೆ ಉಂಟು. ಮಗು ಆದ್ರೆ ಅದರ ಕಾಲು ಎಲ್ಲಿ?"

ನಾನು ಮರಾಠಿಯಲ್ಲಿ ಹೇಳಿದೆ. ನ್ಯಾಯಾಧೀಶರು ಫೋಟೊ ತರಿಸಿಕೊಂಡು ಬಗ್ಗಿ ನೋಡಿದರು, ಸರಕಾರದ ವಕೀಲರನ್ನೂ ಕರೆದು ತೋರಿಸಿದರು. ನಮ್ಮಿಬ್ಬರ ನಡುವಿನ ಶಾಲಿನ ಗಂಟು ಸೀಟಿಗೆ ಬಂದು ಮುಗಿದಿತ್ತು. ಅಲ್ಲಿಂದ ಕೆಳಗೆ ಏನೂ ಇಳಿದಿರಲಿಲ್ಲ. ವಕೀಲರೇ ಮೊದಲು ನಕ್ಕರು.

ಚಲನ್ ರದ್ದಾಯಿತು. ನ್ಯಾಯಾಧೀಶರು ನಗು ತಡೆದುಕೊಂಡು, ಸಾಕ್ಷಿಯನ್ನು ಬೇಗ ಹೊರಗೆ ಒಯ್ಯಿರಿ, ವಾಸನೆಗೆ ಎಲ್ಲರಿಗೂ ಹಸಿವಾಗುತ್ತಿದೆ ಎಂದರು. ಕಾರಿಡಾರಿನಲ್ಲಿ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಗಂಡನಿಗೆ ಫೋನ್ ಮಾಡಿ, ಗೆದ್ದವಳು ಗೆದ್ದೇ ಇದ್ದಾಳೆ, ನಿಮ್ಮ ಗಾದೆಯನ್ನು ತಿದ್ದಿಕೊಳ್ಳಿ ಎಂದೆ.

ಸ್ಕೂಟರಿನ ಬಳಿ ಅತ್ತೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನಿಂತಿದ್ದರು. ಸಿಕ್ಕಿಸಿದ ಪಟ್ಟಿಯನ್ನು ಮತ್ತೆ ಬಿಚ್ಚಿ, ಮತ್ತೆ ಸಿಕ್ಕಿಸುತ್ತಿದ್ದರು. ಒಳಗೆ ಅಷ್ಟು ಗಟ್ಟಿಯಾಗಿ ಮಾತಾಡಿದವರಿಗೆ ಈಗೇನಾಯಿತು ಎಂದು ನಾನೇ ಹಾಕಿಕೊಟ್ಟೆ.

"ಕಳವಾಕ್ಕೆ ಹೋಗುವ, ನನ್ನ ತಂಗಿಯ ಮನೆಗೆ," ಎಂದರು. "ಮಂಡಿನೋವಲ್ಲಿ ರೈಲು ಹತ್ತಲಿಕ್ಕೆ ನನಗೆ ಕೂಡುದಿಲ್ಲ. ನಿನ್ನ ಲೈಸೆನ್ಸ್ ಹೋದ್ರೆ ನಾನು ಮನೆಯಲ್ಲೇ ಬಾಕಿ ಅಂತ ಹೆದರಿ ರಾತ್ರಿ ನಿದ್ದೆ ಇರ್ಲಿಲ್ಲ ಮಾರಾಯ್ತಿ."

ಇಷ್ಟು ದಿನ ನಾನು ಆ ಲೈಸೆನ್ಸು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವರನ್ನು ಹಿಂದೆ ಕೂರಿಸಿಕೊಂಡು, ಕಳವಾಕ್ಕೆ ಹೋಗುವ ಐರೋಳಿಯ ದಾರಿ ಹಿಡಿದೆ.