ಸೀಸೆಯ ಮೇಲಿನ ಪೆನ್ಸಿಲ್ ಗೆರೆ

ಇಪ್ಪತ್ತೆರಡು ವರ್ಷ ಒಂದು ಮನೆಯ ಉಪ್ಪು ತಿಂದವನನ್ನು ಕಳ್ಳನೆನ್ನಲು ಒಂದು ತುಂಡು ಪೆನ್ಸಿಲ್ ಸಾಕು ಎಂಬುದು ಅಲ್ಸೀ ರೊಬಿಶೋಗೆ ಅರವತ್ತೊಂದನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಉಪ್ಪು ತಿಂದವನು ಎಂದೆನಲ್ಲ, ಅದೂ ತಪ್ಪು ಮಾತು. ನ್ಯಾಯವಾಗಿ ಹೇಳಬೇಕೆಂದರೆ ಆ ಮನೆಯವರೇ ಇವನ ಕೈರುಚಿ ಕುಡಿದು ಊರಲ್ಲಿ ಹೆಸರು ಮಾಡಿಕೊಂಡವರು.

ಅಲ್ಸೀ ನ್ಯೂ ಆರ್ಲಿಯನ್ಸ್‌ನ ಏಳನೆಯ ವಾರ್ಡಿನವನು, ಕರಿಯರ ಕೇರಿಯವನು. ಅಲ್ಲಿ ಹುಟ್ಟಿದ ಗಂಡುಮಕ್ಕಳು ಗಾರೆ ಕೆಲಸಕ್ಕೆ ಹೋಗುವುದು ವಾಡಿಕೆ. ಇವನೂ ಹೋದ. ಸುಣ್ಣ ಅವನ ಅಂಗೈಗೆ ಆಗಿಬರಲಿಲ್ಲ, ವಾರದೊಳಗೆ ಚರ್ಮ ಸುಲಿದು ಬಂತು. ಬಿಳಿಯರ ಕ್ಲಬ್ಬೊಂದರಲ್ಲಿ ಪಾನೀಯ ಬೆರೆಸುತ್ತಿದ್ದ ಸೋದರಮಾವ ತಿಯೋಜೆನ್, "ಸುಟ್ಟುಕೊಂಡಿದ್ದು ಸಾಕು, ಐಸು ಹಿಡಿಯೋಕೆ ಬಾ" ಎಂದು ಕರೆದುಕೊಂಡು ಹೋದ. ಮೊದಲ ನಾಲ್ಕು ವರ್ಷ ಬರೀ ಐಸು ಒಡೆಯುವುದು, ನಿಂಬೆಯ ಸಿಪ್ಪೆ ಹೆರೆಯುವುದು, ಗ್ಲಾಸು ಒರೆಸುವುದು. ಜಿನ್, ಕೆನೆ, ಮೊಟ್ಟೆಯ ಬಿಳಿ ಸೇರಿಸಿ ಕುಲುಕುವ ಪಾನೀಯವನ್ನು ಹನ್ನೆರಡು ನಿಮಿಷ ಕುಲುಕಬೇಕು. ಹನ್ನೊಂದಕ್ಕೇ ಕೈ ನಿಲ್ಲಿಸಿದರೆ ಮಾವ ಚಮಚದಿಂದ ಮೊಳಕೈಗೆ ಬಾರಿಸುತ್ತಿದ್ದ. ಕೆಲಸದ ಹೊತ್ತಿನಲ್ಲಿ ಒಂದು ಹನಿಯೂ ನಾಲಿಗೆಗೆ ತಾಗಬಾರದು ಎಂಬುದು ಅವನ ಇನ್ನೊಂದು ಕಟ್ಟಪ್ಪಣೆ. ಮಾವ ಸತ್ತಾಗ ಅವನ ಉದ್ದ ಹಿಡಿಯ ಚಮಚ, ಬೆಳ್ಳಿ ಲೇಪದ ಶೇಕರ್ ಅಲ್ಸೀಯ ಪಾಲಿಗೆ ಬಂದವು, ಕಟ್ಟಪ್ಪಣೆಯೂ ಬಂತು.

ಆಮೇಲೆ ಅಲ್ಸೀ ಕ್ಲಬ್ಬು ಬಿಟ್ಟು ಮನೆಗಳಿಗೆ ಹೋಗತೊಡಗಿದ. ಈ ಊರಿನ ದೊಡ್ಡ ಮನೆಗಳಲ್ಲಿ ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಇರುಕು ಕೋಣೆ ಇರುತ್ತದೆ. ಅದೇ ಮನೆಯ ಬಾರು. ಇಪ್ಪತ್ತೆರಡು ವರ್ಷದ ಹಿಂದೆ ಅಂಥದೊಂದು ಬಿಳಿಯರ ಮನೆಗೆ ಕೊರಿನ್ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಇರುಕು ಕೋಣೆಯಲ್ಲಿದ್ದದ್ದು ದ್ರಾಕ್ಷಾರಸದ ಎರಡು ಸೀಸೆ, ಒಂದು ಒಡೆದ ಜಗ್ಗು. ಗಂಡನ ಗೆಳೆಯರು ಬಂದರೆ ಹುಡುಗಿಗೆ ಅಳುವೇ ಬರುತ್ತಿತ್ತು. ಅಲ್ಸೀ ಅವಳಿಗೆ ಅಆಇಈಯಿಂದ ಕಲಿಸಿದ.

"ಇಪ್ಪತ್ತು ಸೀಸೆ ಜೋಡಿಸಿ ಅಂಗಡಿ ಇಡಬೇಡಿ, ಮಿಸ್ ಕೊರಿನ್. ಆರೇ ಆರು ಸಾಕು. ರೈ ವಿಸ್ಕಿ, ಜಿನ್, ಬ್ರಾಂಡಿ, ರಮ್ಮು, ಸೋಂಪಿನ ಮದ್ಯ, ಘಮಕ್ಕೆ ಎರಡು ತೊಟ್ಟು ಹಾಕೋ ಕಹಿಹನಿ. ಆರೂ ಒಳ್ಳೇವಾಗಿರಲಿ. ನಿಂಬೆ ಅವತ್ತಿಂದು ಅವತ್ತೇ ತರಿಸಿ. ಐಸು ದೊಡ್ಡ ಗಟ್ಟಿಯಾಗಿ ತರಿಸಿ, ನಾನು ಒಡ್ಕೋತೀನಿ. ಚೂರು ಐಸು ಬೇಗ ಕರಗಿ ಎಲ್ಲಾನೂ ನೀರು ಮಾಡಿಬಿಡುತ್ತೆ."

ಹತ್ತು ವರ್ಷದಲ್ಲಿ ಆ ಬಾರು ಊರಿಗೇ ಹೆಸರಾಯಿತು. ಹೆಸರು ಯಾರದು? "ಕೊರಿನ್‌ಳ ಬಾರು." ಒಂದು ಪತ್ರಿಕೆಯವರು ಬಂದು ಚಿತ್ರ ತೆಗೆದುಕೊಂಡು ಹೋದರು. ಚಿತ್ರದಲ್ಲಿ ಕೊರಿನ್ ಅಲ್ಸೀಯ ಮಾವನ ಶೇಕರನ್ನು ಸತ್ತ ಕೋಳಿ ಹಿಡಿದ ಹಾಗೆ ಹಿಡಿದು ನಗುತ್ತಿದ್ದಾಳೆ. ಅಲ್ಸೀ ಆ ಚಿತ್ರದಲ್ಲಿ ಇಲ್ಲ. ಅವನ ಹೆಂಡತಿ ಲಿಯೋಂತಿನ್ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, "ನೋಡಯ್ಯಾ, ನಿನ್ನ ಶೇಕರಿಗಾದರೂ ಮರ್ಯಾದೆ ಸಿಕ್ತು" ಎಂದಳು. ಅವನು ನಕ್ಕುಬಿಟ್ಟ. ಆಗ ನಗಬಾರದಿತ್ತು ಎಂದು ಈಗ ಅವನಿಗೆ ಅನ್ನಿಸುತ್ತದೆ.

ಜನವರಿ ಆರರಂದು ಕಾರ್ನಿವಾಲ್ ಹಬ್ಬ ಶುರು, ಮಾರ್ಡಿ ಗ್ರಾ ಅದರ ಕೊನೆಯ ದಿನ. ಆ ವರ್ಷವೂ ಕೊರಿನ್‌ಳ ಮನೆಯಲ್ಲಿ ಹನ್ನೆರಡು ಜನರ ಕೂಟ. ಎರಡು ದಿನ ಮೊದಲೇ ಅಲ್ಸೀ ಬಂದು ಸಕ್ಕರೆ ಪಾಕ ಕುದಿಸಿ, ಗ್ಲಾಸು ಜೋಡಿಸಿ ಹೋಗಿದ್ದ. ಕೂಟದಲ್ಲಿ ಮೊದಲ ಸುತ್ತು ವಿಸ್ಕಿ ಹೋಯಿತು. ನ್ಯಾಯಾಧೀಶರೊಬ್ಬರು ಗುಟುಕು ಹಾಕಿ ಮುಖ ಕಿವುಚಿದರು.

"ಏನೋ ಅಲ್ಸೀ, ಕೈ ಸೋತಿತೇನೋ? ಬಾವಿ ನೀರು ಕುಡಿದ ಹಾಗಿದೆಯಲ್ಲೋ."

ಅಲ್ಸೀ ಐಸಿನ ಕಡೆ ನೋಡಿದ. ಐಸು ಗಟ್ಟಿಯಾಗಿಯೇ ಇತ್ತು. ಅಷ್ಟರಲ್ಲಿ ಕೊರಿನ್ ದಡದಡ ಬಂದು ವಿಸ್ಕಿಯ ಸೀಸೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಚೀಟಿಯ ಅಂಚಿನಲ್ಲಿ ಸಣ್ಣದೊಂದು ಪೆನ್ಸಿಲ್ ಗೆರೆ. ಜಿನ್ನಿನ ಸೀಸೆಗೂ ಗೆರೆ. ಬ್ರಾಂಡಿಗೂ ಗೆರೆ.

"ಕ್ರಿಸ್‌ಮಸ್ಸಿನ ಮಾರನೇ ದಿನ ನಾನೇ ಹಾಕಿದ್ದು" ಎಂದಳು. "ಸೀಸೆಗಳು ತಾವಾಗೇ ಇಳೀತಿದ್ವು, ಅದಕ್ಕೇ ಹಾಕ್ದೆ. ಇವತ್ತು ಸಂಜೆ ನೋಡಿದಾಗ ಎಲ್ಲಾ ಗೆರೆಗೆ ಸರಿಯಾಗೇ ಇತ್ತು. ಆದ್ರೆ ಒಳಗಿರೋದು ನೀರು! ಈ ಕೋಣೆಗೆ ಬಂದು ಹೋಗೋನು ನೀನೊಬ್ಬನೇ ಅಲ್ಸೀ. ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲ."

ಹನ್ನೆರಡು ಜನ ಗ್ಲಾಸು ಹಿಡಿದು ಸುಮ್ಮನೆ ನಿಂತಿದ್ದರು. ಅವರಲ್ಲಿ ಒಬ್ಬರ ಮಗಳ ಮದುವೆಗೆ ಮುನ್ನೂರು ಗ್ಲಾಸು ತುಂಬಿಸಿದ್ದ ಅಲ್ಸೀ. ಇನ್ನೊಬ್ಬರು ಕುಡಿದು ಬಿದ್ದಾಗ ಅವರ ಹೆಂಡತಿಗೆ ಗೊತ್ತಾಗದಂತೆ ಮನೆ ಮುಟ್ಟಿಸಿದ್ದ. ಒಬ್ಬರ ಬಾಯಿಂದಲೂ "ಛೆ, ಅಲ್ಸೀ ಅಂಥವನಲ್ಲ" ಎಂಬ ಮಾತು ಹೊರಡಲಿಲ್ಲ. ಅವನು ಕೈ ಒರೆಸುವ ಬಟ್ಟೆಯನ್ನು ಮಡಿಸಿಟ್ಟು, ಚಮಚ, ಶೇಕರ್ ಅಲ್ಲೇ ಬಿಟ್ಟು, ಹಿಂಬಾಗಿಲಿಂದ ಹೊರಟುಹೋದ.

ಕದ್ದ ಎಂದರೂ ತಡೆದುಕೊಳ್ಳುತ್ತಿದ್ದನೋ ಏನೋ. ಆದರೆ ನೀರು ಬೆರೆಸಿದ ಎಂದರೆ? ನಲವತ್ತು ವರ್ಷ ಯಾವ ಕೈ ಒಂದು ಹನಿ ಹೆಚ್ಚುಕಮ್ಮಿ ಮಾಡಲಿಲ್ಲವೋ ಆ ಕೈಗೆ ಆ ಮಾತು! ಮಾರನೆಯ ದಿನದಿಂದ ಫೋನು ಬರತೊಡಗಿತು. ಕಾರ್ನಿವಾಲಿಗೆ ಅವನನ್ನು ಗೊತ್ತುಮಾಡಿದ್ದ ಏಳು ಮನೆಗಳಲ್ಲಿ ಐದು ಮನೆಯವರು "ಈ ಸಲ ಬೇರೆಯವರನ್ನು ನೋಡಿಕೊಂಡಿದ್ದೇವೆ" ಎಂದರು. ಮನೆಬಾರಿನವನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಅವನ ಹೆಸರೇ ಅವನ ಅಂಗಡಿ. ಆ ಅಂಗಡಿಗೆ ಬೀಗ ಬಿತ್ತು.

ಲಿಯೋಂತಿನ್‌ಳ ತಮ್ಮ ನ್ಯೂಮಾ ಗಾರೆಯವನು, ಬಾಯಿಬಡುಕ. ಸಮಾಧಾನ ಹೇಳಲೆಂದು ಬಂದ.

"ಅಲ್ಲ ಭಾವ, ಇಪ್ಪತ್ತೆರಡು ವರ್ಷ ಅಷ್ಟೊಂದು ಸೀಸೆ ಮಧ್ಯೆ ಇದ್ದು ನಮಗೆ ಅಂತ ಒಂದು ಗುಟುಕು ತರಲಿಲ್ಲ. ಹೆಂಗೂ ಕಳ್ಳ ಅನ್ನಿಸ್ಕೊಂಡಿದ್ದೀಯ, ಈಗಲಾದ್ರೂ ಒಂದು ಎತ್ಕೊಂಡು ಬಾ."

"ಬಾಯ್ಮುಚ್ಚೋ" ಎಂದಳು ಅಕ್ಕ. ಆಮೇಲೆ ಗಂಡನ ಕಡೆ ತಿರುಗಿ, "ಮಾವನ ಚಮಚ, ಶೇಕರ್ ಅವಳ ಮನೇಲಿ ಇರಬಾರದು. ಹೋಗಿ ತಗೊಂಡು ಬಾ. ತಲೆ ಎತ್ಕೊಂಡು ಹೋಗು" ಎಂದಳು.

ಹೋದ. ಕೊರಿನ್ ಬಾಗಿಲಲ್ಲೇ ನಿಂತು ಕಾವಲು ಕಾದಳು. ಮನೆಯ ಮೂಲೆಮೂಲೆ ಬಲ್ಲವನಿಗೆ ಕಾವಲು! ಅಲ್ಸೀ ಚಮಚ ಎತ್ತಿಕೊಂಡ, ಶೇಕರ್ ಎತ್ತಿಕೊಂಡ. ಅವುಗಳ ಹಿಂದೆ ದಟ್ಟ ಹಸಿರು ಗಾಜಿನ ಸೋಂಪಿನ ಮದ್ಯದ ಸೀಸೆ ಇತ್ತು. ಅದಕ್ಕೂ ಗೆರೆ ಎಳೆದಿದ್ದಳು, ಮದ್ಯ ಗೆರೆಯ ಮೇಲೇ ನಿಂತಿತ್ತು. ಆ ಸಂಜೆ ಅದನ್ನು ಮುಟ್ಟುವ ಹೊತ್ತೇ ಬಂದಿರಲಿಲ್ಲ. ಅವನ ಕೈ ನಿಂತಿತು.

"ಒಂದು ಗ್ಲಾಸು ಕೊಡಿ, ಮಿಸ್ ಕೊರಿನ್."

"ಯಾಕೆ?"

"ಕುಡಿಯೋಕಲ್ಲ. ಕೊಡಿ."

ಕಿಟಕಿಯ ಬೆಳಕಿಗೆ ಹಿಡಿದು ಸುರಿದ. ಬಂದದ್ದು ತಿಳಿಯಾದ ಮದ್ಯವಲ್ಲ, ಅಕ್ಕಿ ತೊಳೆದ ನೀರಿನಂಥ ಬಿಳಿ.

"ಸೋಂಪಿನ ಮದ್ಯಕ್ಕೆ ನೀರು ಬಿದ್ರೆ ಹಿಂಗೆ ಹಾಲಾಗಿಬಿಡುತ್ತೆ. ವಿಸ್ಕಿಗೆ ಬೆರೆಸಿ, ಜಿನ್ನಿಗೆ ಬೆರೆಸಿ, ಕಣ್ಣಿಗೆ ಕಾಣಲ್ಲ. ಇದು ಮಾತ್ರ ಬಾಯಿ ಬಿಡುತ್ತೆ. ನನ್ನ ಕಸುಬಿನಲ್ಲಿ ಮೊದಲ ವಾರದ ಹುಡುಗನಿಗೂ ಗೊತ್ತಿರೋ ವಿಷಯ ಇದು. ನಾನು ನೀರು ಬೆರೆಸೋ ಕಳ್ಳನಾಗಿದ್ರೆ ಈ ಸೀಸೆ ಮುಟ್ತಿದ್ನಾ? ಬೆರೆಸೋದನ್ನ ಕಲಿಯದೇ ಇರೋರು, ಬರೀ ಕುಡಿಯೋರು ಮಾಡಿರೋ ಕೆಲಸ ಇದು."

ಗ್ಲಾಸಿನಿಂದ ಸೋಂಪಿನ ವಾಸನೆ ಘಮ್ಮೆಂದು ಎದ್ದಿತು. ಅದೇ ವಾಸನೆ ಆ ಮನೆಯಲ್ಲಿ ಇನ್ನೊಂದು ಕಡೆ ಬರುತ್ತಿತ್ತು: ಕೊರಿನ್‌ಳ ತಾಯಿ ಆದೆಲ್ ಅಜ್ಜಿಯ ಕರವಸ್ತ್ರದಲ್ಲಿ. ಎಂಬತ್ತು ವರ್ಷದ ಆ ಮುದುಕಿ ಇಗರ್ಜಿಯ ಮಹಿಳಾ ಸಂಘದ ಅಧ್ಯಕ್ಷೆ, ಮದ್ಯಪಾನದ ವಿರುದ್ಧ ಭಾಷಣ ಮಾಡುವವಳು. ಕೆಮ್ಮಿಗೆ ಸೋಂಪಿನ ಗುಳಿಗೆ ಚೀಪುತ್ತೇನೆ ಎನ್ನುತ್ತಿದ್ದಳು. ಕೊರಿನ್‌ಳ ಕಣ್ಣು ತಾನಾಗಿಯೇ ಅಜ್ಜಿಯಿದ್ದ ಮಹಡಿಯ ಕಡೆ ಹೋಯಿತು. ಗೆರೆ ಎಳೆಯುವ ಮೊದಲು ಅಜ್ಜಿ ಬರೀ ಕುಡಿಯುತ್ತಿದ್ದಳು. ಮಗಳು ಗೆರೆ ಎಳೆಯುವುದನ್ನು ಕಂಡ ಮೇಲೆ, ಕುಡಿದಷ್ಟೂ ನಲ್ಲಿ ನೀರು ತುಂಬಿಸಿ ಗೆರೆಗೆ ಸರಿಮಾಡಿದಳು. ಆ ಮನೆಯಲ್ಲಿ ನೀರು ಬೆರೆಸುವುದನ್ನು ಕಲಿಸಿದ್ದು ಮಗಳ ಪೆನ್ಸಿಲ್ಲೇ.

ಕೊರಿನ್ ಕೋಣೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ ದನಿ ತಗ್ಗಿಸಿ, "ಅಲ್ಸೀ, ಇದು ನಮ್ಮಿಬ್ಬರಲ್ಲೇ ಇರಲಿ. ಅಮ್ಮನ ಮಾನದ ಪ್ರಶ್ನೆ. ಮಾರ್ಡಿ ಗ್ರಾ ದಿನ ಬಾ, ಎಲ್ಲಾ ಮೊದಲಿನ ಹಾಗೇ. ಬೇಕಾದ್ರೆ ಎರಡರಷ್ಟು ಕೊಡ್ತೀನಿ" ಎಂದಳು.

ಅಮ್ಮನಿಗೆ ಮಾನವಿದೆಯಂತೆ! ಇವನದೇನು, ಗ್ಲಾಸು ಒರೆಸುವ ಬಟ್ಟೆಯೇ?

"ದುಡ್ಡು ಬೇಡ. ಹನ್ನೆರಡು ಜನದ ಮುಂದೆ ಅಂದ್ರಿ. ಅದೇ ಹನ್ನೆರಡು ಜನದ ಮುಂದೆ ಆ ಮಾತು ವಾಪಸ್ ತಗೊಳ್ಳಿ. ನಿಮ್ಮ ತಾಯಿ ಹೆಸರು ಹೇಳೋದೂ ಬೇಡ. ಅಲ್ಸೀ ಮಾಡಿಲ್ಲ ಅನ್ನಿ, ಅಷ್ಟು ಸಾಕು."

"ಅದು ಹೇಗಾಗುತ್ತೆ? ಹಾಗಾದ್ರೆ ಮಾಡಿದ್ದು ಯಾರು ಅಂತ ಕೇಳ್ತಾರೆ."

"ನನ್ನ ಮೇಲೆ ಹಾಕುವಾಗ ಯಾರೂ ಕೇಳಲಿಲ್ಲವಲ್ಲ" ಎಂದು ಚಮಚ, ಶೇಕರ್ ಕಂಕುಳಲ್ಲಿ ಇರುಕಿಕೊಂಡು ಬಂದುಬಿಟ್ಟ.

ಮಾರ್ಡಿ ಗ್ರಾ ಬಂತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ದಿನ ಅಲ್ಸೀ ಮನೆಯಲ್ಲಿದ್ದ. ಕ್ಲೇಬೋರ್ನ್ ರಸ್ತೆಯಲ್ಲಿ ಒಂದು ಓಕ್ ಮರದ ಕೆಳಗೆ ರೊಬಿಶೋ ಮನೆತನದ ಜಾಗ. ಅಜ್ಜನ ಕಾಲದಿಂದ ಹಬ್ಬಕ್ಕೆ ಅಲ್ಲೇ ಸೇರುವುದು. ಆರು ವರ್ಷದ ಹಿಂದೆ ಸರ್ಕಾರ ಸಾಲುಮರಗಳನ್ನೆಲ್ಲ ಕಡಿಸಿ, ಕಂಬಗಳ ಮೇಲೆ ಕಾರು ಓಡುವ ಕಾಂಕ್ರೀಟು ರಸ್ತೆ ಕಟ್ಟಿಸಿತು. ಬಿಳಿಯರ ಬೀದಿಯ ಮರದ ಒಂದು ಟೊಂಗೆಯನ್ನೂ ಮುಟ್ಟಲಿಲ್ಲ. ಈಗ ಆ ಜಾಗದಲ್ಲಿ ಒಂದು ಕಂಬವಿದೆ. ಮನೆಯವರು ಇವತ್ತಿಗೂ "ನಮ್ಮ ಮರದ ಹತ್ರ ಸಿಗೋಣ" ಎನ್ನುತ್ತಾರೆ, ಕಂಬದ ಹತ್ತಿರ ಸೇರುತ್ತಾರೆ.

ಆ ಕಂಬದ ಬುಡದಲ್ಲಿ ಅಲ್ಸೀ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಆರು ಸೀಸೆ ಇಟ್ಟ. ಲಿಯೋಂತಿನ್ ಕರಿದ ಕೋಳಿ, ಕೆಂಪು ಬೀನ್ಸ್ ಕಾಳಿನ ಪಾತ್ರೆ ತಂದಳು. ದೂರದಲ್ಲಿ ಡೋಲು ಕೇಳುತ್ತಿತ್ತು. ಅಷ್ಟರಲ್ಲಿ ನ್ಯೂಮಾ ಓಡಿ ಬಂದ.

"ಭಾವ, ಮನೇಲಿ ಫೋನು ಬಡ್ಕೋತಾ ಇದೆ. ನಿನ್ನ ರಾಣಿಯವರು."

ಮನೆ ಹತ್ತು ಹೆಜ್ಜೆ. ಅಡುಗೆಮನೆಯ ಫೋನಿನಲ್ಲಿ ಕೊರಿನ್‌ಳ ದನಿ ಒಡೆದುಹೋಗಿತ್ತು.

"ಅಲ್ಸೀ, ನಲವತ್ತು ಜನ ಬಂದಿದ್ದಾರೆ. ನಿನ್ನ ಬದಲು ಏಜೆನ್ಸಿಯಿಂದ ಬಂದವನಿಗೆ ನಮ್ಮೂರಿನ ವಿಸ್ಕಿ ಸ್ಯಾಜರಾಕ್ ಮಾಡೋಕೇ ಬರಲ್ಲ, ಅದಕ್ಕೆ ಐಸು ತೇಲಿಸ್ತಾನೆ! ಎಲ್ಲಾ ನಿನ್ನನ್ನೇ ಕೇಳ್ತಿದ್ದಾರೆ. ದಯವಿಟ್ಟು."

"ಆ ಹನ್ನೆರಡು ಜನ ಇದ್ದಾರಾ?"

"ಇದ್ದಾರೆ, ಆದ್ರೆ..."

"ಹಾಗಾದ್ರೆ ಹೇಳಿ. ನನಗೆ ಕೇಳೋ ಹಾಗೆ ಹೇಳಿ. ಫೋನು ಹಿಡ್ಕೊಂಡಿರ್ತೀನಿ."

ಅತ್ತ ಕಡೆಯಿಂದ ಗ್ಲಾಸುಗಳ ಸದ್ದಷ್ಟೇ ಬಂತು. ಹೇಳಿದರೆ ಐದು ಮನೆಗಳೂ ವಾಪಸು, ಹೆಸರೂ ವಾಪಸು. ಏನೋ ಎಳೆದಾಟದ ಸದ್ದಾಯಿತು. ಆಮೇಲೆ ಇನ್ನೊಂದು ದನಿ ಕೇಳಿತು, ಮುದಿ ದನಿ, ಬೆಳಗಿನಿಂದಲೇ ಏರಿದ ದನಿ.

"ಕೊಡೇ ಇಲ್ಲಿ! ಎಲ್ಲಾ ಕೇಳ್ರಪ್ಪಾ! ಅವತ್ತು ನಿಮ್ಮ ವಿಸ್ಕಿ ಕುಡಿದದ್ದು ನಾನು! ಜಿನ್ನೂ ನಾನೇ! ನೀರು ತುಂಬಿಸಿದ್ದೂ ನಾನೇ! ಆ ಅಲ್ಸೀ ಪಾಪ, ಅವನು ಮುಟ್ಟೇ ಇಲ್ಲ!"

ಆಮೇಲೆ ನಗು. ನಲವತ್ತು ಜನರ ನಗು, ಮನೆ ಬಿದ್ದುಹೋಗುವಂಥ ನಗು. ಯಾರೋ ಚಪ್ಪಾಳೆ ತಟ್ಟಿದರು. "ಅಧ್ಯಕ್ಷರಿಗೆ ಇನ್ನೊಂದು ಕೊಡಿ!" ಎಂದು ಕೂಗಿದ್ದು ಆ ನ್ಯಾಯಾಧೀಶರೇ. ದನಿಯ ಗುರುತು ಅಲ್ಸೀಗೆ ಚೆನ್ನಾಗಿ ಸಿಕ್ಕಿತು.

ಕೊರಿನ್ ಮತ್ತೆ ಫೋನು ಹಿಡಿದಳು. ಅವಳೂ ನಗುತ್ತಿದ್ದಳು, ನಿರಾಳವಾಗಿ. "ಕೇಳಿಸ್ತಲ್ಲ? ಎಲ್ಲಾ ಮುಗೀತು. ಕಾರು ಕಳಿಸ್ಲಾ?"

"ನನ್ನ ಮೇಲೆ ಹೊರಿಸಿದ ದಿನ ಯಾರೂ ನಗಲಿಲ್ಲ, ಮಿಸ್ ಕೊರಿನ್" ಎಂದ ಅಲ್ಸೀ. "ಕಾರು ಬೇಡ." ಫೋನು ಇಟ್ಟ.

ಅಜ್ಜಿ ಕದ್ದರೆ ಚಪ್ಪಾಳೆ, ಅಲ್ಸೀ ಕದ್ದ ಎಂದರೆ ಹಿಂಬಾಗಿಲು. ಅಲ್ಸೀ ಕಂಬದ ಹತ್ತಿರ ವಾಪಸು ಬಂದ. ಮೇಜಿನ ಮುಂದೆ ನೆಂಟರಿಷ್ಟರು, ಗಾರೆಯವರು, ಬೀದಿಯವರು ಕಾಯುತ್ತಿದ್ದರು. ಅವನು ಮೇಜಿನ ಹಿಂದಕ್ಕೆ ಹೋಗಲಿಲ್ಲ.

"ಏನಂದ್ಲು?" ಎಂದಳು ಲಿಯೋಂತಿನ್.

"ತಮಾಷೆ ಅಂದ್ಲು." ನ್ಯೂಮಾನ ಕಡೆ ತಿರುಗಿದ. "ಲೋ, ನೀನು ಹಿಂದೆ ಹೋಗು. ನನಗೊಂದು ಸ್ಯಾಜರಾಕ್ ಮಾಡು. ಇವತ್ತು ನಾನು ಈ ಕಡೆ ನಿಲ್ತೀನಿ."

"ನನಗೆ ಗಾರೆ ಕಲಸೋದು ಗೊತ್ತು ಭಾವ, ಇದಲ್ಲ."

"ಕಲಸು, ಪರವಾಗಿಲ್ಲ."

ನ್ಯೂಮಾ ಅಳತೆಯಿಲ್ಲದೆ ವಿಸ್ಕಿ ಸುರಿದ. ಕಹಿಹನಿ ಹತ್ತು ಸಲ ಕೊಡವಿದ. ಗ್ಲಾಸಿಗೆ ಸವರಿ ಚೆಲ್ಲಬೇಕಾದ ಸೋಂಪಿನ ಮದ್ಯವನ್ನು ಗ್ಲಾಸಲ್ಲೇ ಬಿಟ್ಟ. ನಿಂಬೆ ಸಿಪ್ಪೆಯನ್ನು ಬೆರಳು ದಪ್ಪ ಕತ್ತರಿಸಿದ. ಕಲಕಿ ಸೋಸಲು ಬೇಕಾದ ಐಸನ್ನು ಮುಟ್ಟುವುದನ್ನೇ ಮರೆತ. ಅಲ್ಸೀ ಎಲ್ಲವನ್ನೂ ನೋಡಿದ, ಒಂದನ್ನೂ ತಿದ್ದಲಿಲ್ಲ. ಗ್ಲಾಸು ಕೈಗೆ ತೆಗೆದುಕೊಂಡು ಒಂದೇ ಗುಟುಕಿಗೆ ಅರ್ಧ ಇಳಿಸಿದ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು.

"ಕೆಟ್ಟದಾಗಿದೆಯಾ ಭಾವ?" ಎಂದ ನ್ಯೂಮಾ.

"ತೀರಾ ಕೆಟ್ಟದಾಗಿದೆ" ಎಂದ ಅಲ್ಸೀ. "ಆದ್ರೆ ಒಂದು ಹನಿ ನೀರಿಲ್ಲ. ಇನ್ನೊಂದು ಹಾಕು."