ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಚಾರ್ಜು

ಕಡಕೊಳಕ್ಕೆ ಸರ್ವೆಗೆ ಹೋದ ದಿನ ಊರಲ್ಲಿ ಕರೆಂಟಿರಲಿಲ್ಲ, ನನ್ನ ಮೊಬೈಲ್ ಆಫ್ ಆಗಿತ್ತು. ಹನ್ನೆರಡರೊಳಗೆ ಆ್ಯಪ್‌ಗೆ ಮುಖ ತೋರಿಸಿ ಹಾಜರಿ ಹಾಕದಿದ್ದರೆ ಆ ದಿನ ರಜೆ. ಇಪ್ಪತ್ತು ಪರ್ಸೆಂಟ್ ಚಾರ್ಜಿಲ್ಲದೆ ಆ್ಯಪ್ ತೆರೆಯುವುದೂ ಇಲ್ಲ. ಯುಪಿಎಸ್ ಇದ್ದದ್ದು ಕಟಿಂಗ್ ಶಾಪಿನಲ್ಲಿ.

“ಕುರ್ಚೀಲಿ ಕೂತೋರ್ಗೆ ಮಾತ್ರ ಚಾರ್ಜು ಕಣ್ರೀ. ಇಲ್ದಿದ್ರೆ ಊರೇ ಬಂದ್ಬುಡ್ತದೆ,” ಎಂದರು ಅಂಗಡಿಯವರು.

ಕೂತೆ. ಕಟಿಂಗ್ ಮುಗಿದಾಗ ಒಂಬತ್ತು ಪರ್ಸೆಂಟ್. ಗಡ್ಡ ತೆಗೆಸಿದೆ, ಹದಿನಾಲ್ಕಾಯಿತು. ಏಳಲಿಲ್ಲ.

“ಮೀಸೇನೂ ತೆಗೀರಿ.”

ಅವರು ಕತ್ತಿ ಕೆಳಗಿಟ್ಟರು. “ತಂದೆಯೋರು ಇದಾರಾ ಸಾರ್?”

“ಗಟ್ಟಿಮುಟ್ಟಾಗಿದಾರೆ.”

“ತಂದೆ ಇರೋವಾಗ ಮೀಸೆ ತೆಗೀಬಾರ್ದು ಸಾರ್.”

“ಅವರಿಗೆ ನಾನು ಹೇಳ್ಕೋತೀನಿ. ನೀವು ನಿಧಾನವಾಗಿ ತೆಗೀರಿ.”

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಇಪ್ಪತ್ತೊಂದಾಯಿತು. ಮೊಬೈಲನ್ನು ಮುಖದೆದುರು ಹಿಡಿದೆ. ಆ್ಯಪ್ ಮೂರು ಸಲ ದಿಟ್ಟಿಸಿ, ಇದು ನೌಕರನ ಮುಖವಲ್ಲ ಎಂದಿತು.

ರಜೆ ಸಿಕ್ಕಿತು. ಮೀಸೆ ಬರುವವರೆಗೂ ಸಿಗುತ್ತಲೇ ಇತ್ತು.