ಹಳ್ಳದ ನಡುವಿನ ಬಾಸುಂದಿ

ಎರಡು ರಾಜ್ಯಗಳ ಪೊಲೀಸರು ಕೈಗೆ ಕೈ ಜೋಡಿಸಿ ಕೆಲಸ ಮಾಡುತ್ತಾರೆಂದು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಸಿಟ್ಟು ನೆತ್ತಿಗೇರುತ್ತದೆ. ಆ ಸಹಕಾರ ಎಂಥದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅದು ಉಂಡು ತೇಗಿದ್ದನ್ನೂ ಕೇಳಿದ್ದೇನೆ.

ಇಳಕಲ್ಲಿಗೆ ಹತ್ತಿರದ ನಮ್ಮ ಹಳ್ಳಿಯ ಅಂಚಿಗೆ ಒಂದು ಹಳ್ಳ. ಈಚೆ ದಂಡೆ ಇಂಗ್ರೇಜಿ ರಾಜ್ಯ, ಆಚೆ ದಂಡೆ ಹೈದರಾಬಾದಿನದು. ನಮ್ಮವರ ಬಾಯಲ್ಲಿ ಅದು ಮೊಗಲಾಯಿ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟೂ ನೀರಿರುತ್ತಿರಲಿಲ್ಲ. ಹೆಣ್ಣು ತರುವುದು, ಕೊಡುವುದು, ಸಂತೆಗೆ ಹೋಗುವುದು ಎಲ್ಲ ಅದನ್ನು ದಾಟಿಯೇ. ದಾಟಲಾಗದವರು ಪೊಲೀಸರು ಮಾತ್ರ. ಈ ಸಂಗತಿ ಕಳ್ಳರಿಗೆ ಚೆನ್ನಾಗಿ ಗೊತ್ತಿತ್ತು.

ನಾನಾಗ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದೆ. ಅವ್ವ ಹಳ್ಳಿಯಲ್ಲಿ ಒಂದೇ ಎಮ್ಮೆ ಕಟ್ಟಿಕೊಂಡು ಬೆಣ್ಣೆ ಮಾರಿ ಮನೆ ನಡೆಸುತ್ತಿದ್ದಳು. ವಯಸ್ಸಾಗುತ್ತಿದ್ದ ಆ ಎಮ್ಮೆ ಹೆಣ್ಣುಗರು ಹಾಕಿದಾಗ ಅವಳ ಸಂಭ್ರಮ ಹೇಳತೀರದು. ತಾಯಿಯ ಕಾಲ ಮುಗಿದ ಮೇಲೆ ಈ ಕರುವೇ ಮನೆಗೆ ಆಧಾರ ಎಂಬ ಲೆಕ್ಕ ಅವಳದು. ಗಿಣ್ಣ ಹಂಚಿದ ಬೆನ್ನಿಗೇ, ಮೇಯಲು ಬಿಟ್ಟ ಎಮ್ಮೆಯನ್ನು ಯಾರೋ ಹೊಡೆದುಕೊಂಡು ಹೋದರು. ಕರು ಕೊಟ್ಟಿಗೆಯಲ್ಲಿ ಉಳಿಯಿತು.

ಸುದ್ದಿ ಕೇಳಿ ನಾನು ಊರಿಗೆ ಬಂದೆ; ಅವ್ವನೂ ನಾನೂ ಠಾಣೆಗೆ ಹೋಗಿ ಫಿರ್ಯಾದು ಕೊಟ್ಟೆವು. ಮರುದಿನವೇ ಎಮ್ಮೆ ಸಿಕ್ಕಿತು! ಕಳ್ಳ ಅದನ್ನು ಆಚೆ ದಂಡೆಯ ಹೊಲದಲ್ಲಿ ಬಿಟ್ಟು ಓಡಿದ್ದ. ಮೊಗಲಾಯಿ ಜವಾನರು ಹಿಡಿದು ತಮ್ಮ ಚೌಕಿಯ ಮುಂದೆ ಕಟ್ಟಿದ್ದರು. ನಮ್ಮ ದಂಡೆಯಲ್ಲಿ ನಿಂತರೆ ಅದರ ಕೋಡು ಕಾಣುತ್ತಿತ್ತು, ಹಿಂಡುವ ಹೊತ್ತಿಗೆ ಅದು ಕೂಗುವುದು ಕೇಳುತ್ತಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ಆಚೆ ಹೋದಳು.

ಆ ಸೀಮೆಯ ಫೌಜದಾರನಿಗೆ ಅಮೀನ ಎನ್ನುತ್ತಾರೆ. ಆತನ ಮಾತು ಮೊದಲಿಗೆ ನ್ಯಾಯವಾಗಿಯೇ ಇತ್ತು. "ಕರಾ ತಂದು ಮುಂದ ಬಿಡವ್ವಾ. ಎಮ್ಮಿ ನೆಕ್ಕಿದ್ರ ಅದು ನಿಂದ. ಆದ್ರ ನಿಮ್ಮ ಫೌಜದಾರ ಸಾಹೇಬ್ರು ಎದುರಿಗೆ ಇರಬೇಕು."

ದನಕರುಗಳ ಜಗಳವನ್ನು ಎರಡೂ ದಂಡೆಯ ಹಿರಿಯರು ಹೀಗೆಯೇ ತೀರಿಸುತ್ತಿದ್ದರು. ನಮ್ಮ ಫೌಜದಾರನಿಗೆ ಮಾತ್ರ ಇದು ದೊಡ್ಡ ರಾಜಕಾರಣವಾಗಿ ಕಂಡಿತು. ಕರು ತನ್ನ ಖಟ್ಲೆಯ ಪುರಾವೆ, ಹುಕುಮಿಲ್ಲದೆ ರಾಜ್ಯ ಬಿಟ್ಟು ಹೋಗಕೂಡದು ಎಂದ. ಎಮ್ಮೆ ತನ್ನ ಸ್ವಾಧೀನದ ಮಾಲು, ಹುಕುಮಿಲ್ಲದೆ ಬರಕೂಡದು ಎಂದು ಅಮೀನನೂ ಬಿಗಿದುಕೊಂಡ. ಇವನ ಕಾಗದ ಬಾಗಲಕೋಟೆಯ ಮೇಲೆ ಬಿಜಾಪುರಕ್ಕೆ ಹೋಯಿತು, ಅವನದು ಉರ್ದುವಿನಲ್ಲಿ ಇನ್ನೆಲ್ಲಿಗೋ ಹೋಯಿತು. ಕೂಗಿದರೆ ಕೇಳುವಷ್ಟು ಹತ್ತಿರವಿದ್ದ ಇಬ್ಬರು ಗಂಡಸರು ಹೀಗೆ ದೇಶ ಸುತ್ತಿಸಿ ಮಾತಾಡಿಕೊಂಡರು.

ಅವ್ವ ಕದ್ದಾದರೂ ಕರುವನ್ನು ಮೊಲೆಗೆ ಬಿಟ್ಟು ಬರಬಹುದೆಂಬ ಅನುಮಾನ ಬಂದು ಫೌಜದಾರ ನಮ್ಮ ಕೊಟ್ಟಿಗೆಗೆ ಒಬ್ಬ ಸಿಪಾಯಿಯನ್ನು ಕಾವಲಿಟ್ಟ. ಕಳ್ಳನಿಗಿಲ್ಲದ ಕಾವಲು ಕರುವಿಗೆ! ಆಡಿನ ಹಾಲು ಹೊಯ್ದರೆ ಅದು ಕಟವಾಯಿಯಿಂದ ಸುರಿಸಿಬಿಡುತ್ತಿತ್ತು. ನೆರೆಮನೆಯ ಎಮ್ಮೆಯ ಮೊಲೆಗೆ ಬಿಟ್ಟರೆ ಆ ಎಮ್ಮೆ ಒದ್ದು ಕೆಡವಿತು. ಕರುವಿನ ಪಕ್ಕೆಲುಬು ಎದ್ದು ಕಾಣುವುದನ್ನು ಸಿಪಾಯಿ ನಿಷ್ಠೆಯಿಂದ ನೋಡುತ್ತ ಕುಳಿತ.

ವಾರ ತಿರುಗಿದ ಮೇಲೆ ಸಾಹೇಬರಿಬ್ಬರೂ ಎದುರುಬದುರು ಕೂಡಬಹುದೆಂದು ಅಪ್ಪಣೆ ಬಂತು. ಯಾರೂ ಗಡಿ ಮೀರಬಾರದಲ್ಲ, ಹಳ್ಳದ ಒಣ ಮರಳಿನ ಮೇಲೆ ಅರ್ಧ ಆಚೆಗೆ ಅರ್ಧ ಈಚೆಗೆ ಜಮಖಾನ ಹಾಸಿದರು. ಫಿರ್ಯಾದಿಯವರೆಂದು ನಮ್ಮನ್ನು ದೂರ ನಿಲ್ಲಿಸಿದರು. ಮಾತಿಗೆ ಮೊದಲು ಊಟ, ಊಟದ ಕಡೆಗೆ ಅಮೀನನ ಮರ್ಯಾದೆಯೆಂದು ಹಾಲನ್ನು ಬತ್ತಿಸಿ ಮಾಡಿದ ಬಾಸುಂದಿ. ಬಡಿಸುತ್ತಿದ್ದ ಜವಾನ ಹೆಮ್ಮೆಯಿಂದ ಹೇಳಿಯೂ ಬಿಟ್ಟ: "ಹತ್ತಿಕಾಳು ಇಟ್ರ ನಿಮ್ಮೂರ ಎಮ್ಮಿ ಭಾಳ ಛಲೋ ಹಾಲು ಕೊಡ್ತೈತ್ರಿ!" ಫೌಜದಾರ ಬಟ್ಟಲನ್ನು ಎರಡನೆಯ ಸಲ ಮುಂದೆ ಹಿಡಿದ. ಹೊಟ್ಟೆ ತುಂಬಿದ ಮೇಲೆ, ಪರೀಕ್ಷೆ ನಾಳೆ ಆಗಲಿ ಎಂದು ಇಬ್ಬರೂ ಪ್ರೀತಿಯಿಂದ ಒಪ್ಪಿಕೊಂಡರು. ನಾವು ಮನೆ ಮುಟ್ಟುವಷ್ಟರಲ್ಲಿ ಕರು ಸತ್ತಿತ್ತು.

ಅವ್ವ ಅಳಲಿಲ್ಲ. ಕರು ಸತ್ತ ಎಮ್ಮೆಯನ್ನು ತೊರೆಸಿ ಹಾಲಿಳಿಸಲು ನಮ್ಮಲ್ಲಿ ಮಾಡುವಂತೆ ಕರುವಿನ ತೊಗಲು ಸುಲಿಸಿ, ಒಳಗೆ ಹುಲ್ಲು ತುಂಬಿಸಿ ಹೊಲಿಸಿದಳು. ಮರುದಿನ ಅದನ್ನೇ ಹೊತ್ತು ತಂದು ಜಮಖಾನದ ಮುಂದೆ ನಿಲ್ಲಿಸಿದಳು. ಎಮ್ಮೆ ಹಗ್ಗ ಜಗ್ಗಿ ಬಂದು ಮೂಸಿತು, ಆಮೇಲೆ ತಲೆಯಿಂದ ಬಾಲದ ತನಕ ನೆಕ್ಕತೊಡಗಿತು. ನನಗೆ ನೋಡಲಾಗಲಿಲ್ಲ.

ಅಮೀನನ ಕಾರಕೂನ ಬರೆಯುತ್ತಿದ್ದವನು ತಲೆಯೆತ್ತಿ, "ಹುಲ್ಲಿನ ಕರಾ ಅಂತ ಬರೀಲೇನ್ರಿ?" ಎಂದ.

ನಮ್ಮ ಫೌಜದಾರ ಗಾಬರಿಯಾದ. "ಬ್ಯಾಡ್ರಿ, ಬರೇ ಕರಾ ಅಂತ ಬರೀರಿ. ಹುಲ್ಲು ಅಂದ್ರ ಮತ್ತ ಬಿಜಾಪುರಕ್ಕ ಕೇಳಬೇಕಾಗ್ತೈತಿ."

ಹಗ್ಗವನ್ನು ಅಮೀನ ಫೌಜದಾರನ ಕೈಗೆ ಕೊಟ್ಟ, ಫೌಜದಾರ ಅವ್ವನ ಕೈಗೆ. ಸಾಹೇಬರಿಬ್ಬರೂ ಅಪ್ಪಿಕೊಂಡರು. ಕಳ್ಳನ ನೆನಪು ಯಾರಿಗೂ ಇರಲಿಲ್ಲ. ಫೌಜದಾರ ಮೀಸೆಯ ಮೇಲೆ ಕೈಯಾಡಿಸುತ್ತ, "ನೋಡವ್ವಾ, ಎರಡು ರಾಜ್ಯ ಕೂಡಿ ನಿನ್ನ ಎಮ್ಮಿ ಕೊಡಿಸಿದ್ವಿ" ಎಂದ.

ಅವ್ವ ಆತನ ಮುಖವನ್ನೇ ನೋಡಿದಳು. "ಬಾಸುಂದಿ ಹೆಂಗಾಗಿತ್ರಿ, ಸಾಹೇಬ್ರ?"

"ಭಾಳ ಛಲೋ ಆಗಿತ್ತು," ಎಂದ ಆ ಪುಣ್ಯಾತ್ಮ, ಮನಸಾರೆ.

ಅವ್ವ ಹುಲ್ಲಿನ ಕರುವನ್ನು ಕಂಕುಳಲ್ಲಿ ಅವುಚಿಕೊಂಡು ದಂಡೆ ಹತ್ತಿದಳು. ಎಮ್ಮೆ ಅದನ್ನು ನೆಕ್ಕುತ್ತ ಅವಳ ಹಿಂದೆ ಮನೆಯ ತನಕ ಬಂತು.